ಎಂಜಿನ್ ಬದಲಿಸುವಾಗ ಪವರ್ ಸ್ಟೀರಿಂಗ್ ಹೊಂದಿಸುವುದು: ಗೇರ್‌ನಿಂದ ಹೋಸ್‌ವರೆಗೆ ಸಮಗ್ರ ಮಾರ್ಗದರ್ಶಿ

ಬೇರೆ ಎಂಜಿನ್ ಕೂರಿಸಿದವರಿಂದ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಎಂಜಿನ್ ಚೆನ್ನಾಗಿ ಓಡುತ್ತಿದೆ, ಆದರೆ ಸ್ಟೀರಿಂಗ್ ತಿರುಗಿಸಿದರೆ ಪಂಪ್ ನರಳುತ್ತದೆ. ಇಲ್ಲವೇ ನಿಂತಲ್ಲಿ ಸ್ಟೀರಿಂಗ್ ಕಲ್ಲಿನಂತೆ ಗಟ್ಟಿ, ವೇಗ ಹಿಡಿದ ಮೇಲೆ ಬೆರಳು ತಾಗಿದರೂ ಗಾಡಿ ಪಕ್ಕಕ್ಕೆ ಸರಿಯುತ್ತದೆ. ಇಲ್ಲವೇ ತಿಂಗಳಲ್ಲಿ ಮೂರನೇ ಬೆಲ್ಟ್ ಹರಿದಿದೆ. ವಿಚಾರಿಸಿದರೆ ಬಿಡಿಭಾಗಗಳಲ್ಲಿ ಅಂಥ ದೋಷವೇನೂ ಇರುವುದಿಲ್ಲ, ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಹೊಸ ಎಂಜಿನ್ ಜೊತೆ ಬಂದ ಪಂಪನ್ನು ಹಾಗೆಯೇ ಉಳಿಸಿಕೊಂಡು, ಮೊದಲೇ ಹೋಸ್ ಮಾಡಿಸಿ, ಕೊನೆಗೆ ಎಲ್ಲವನ್ನೂ ಹೇಗಾದರೂ ಜೋಡಿಸಲು ಹೊರಟಿರುತ್ತಾರೆ.

ಎಣ್ಣೆಯನ್ನು ಒತ್ತಡದಲ್ಲಿ ತಳ್ಳುವ ಪಂಪ್ ಕೂತಿರುವುದು ಎಂಜಿನ್ ಮೇಲೆ, ದುಡಿಯುವುದು ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಸ್ಟೀರಿಂಗ್ ಗೇರ್‌ಗಾಗಿ. ಲೆಕ್ಕ ಗೇರ್‌ನಿಂದ ಶುರುವಾಗಿ ಪಂಪ್‌ಗೆ, ಪಂಪ್‌ನಿಂದ ಪುಲ್ಲಿಗೆ, ಪುಲ್ಲಿಯಿಂದ ಬ್ರಾಕೆಟ್‌ಗೆ ಬರಬೇಕು. ಹೋಸ್‌ನ ಸರದಿ ಕಟ್ಟಕಡೆಯದು. ಕೆಳಗಿನ ಹಂತಗಳು ಇದೇ ಸಾಲಿನಲ್ಲಿವೆ, ದಯವಿಟ್ಟು ಅದಲುಬದಲು ಮಾಡಬೇಡಿ.

## ಕೈಯಲ್ಲಿ ಇರಬೇಕಾದ್ದು

ಜಾಕ್ ಮತ್ತು ಗಟ್ಟಿಮುಟ್ಟಾದ ಎರಡು ಸ್ಟ್ಯಾಂಡ್, ಪುಲ್ಲಿ ಕೀಳುವ ಹಾಗೂ ಕೂರಿಸುವ ಸಾಧನ, ವರ್ನಿಯರ್ ಕ್ಯಾಲಿಪರ್, ಥ್ರೆಡ್ ಗೇಜ್, ಒಂದು ಮೀಟರ್ ಉದ್ದದ ನೇರ ಲೋಹದ ಪಟ್ಟಿ, ಫಿಟ್ಟಿಂಗ್ ನಟ್‌ಗಳಿಗೆ ಬೇಕಾದ ಫ್ಲೇರ್ ಸ್ಪ್ಯಾನರ್, ತೆರೆದ ಪೈಪ್ ಬಾಯಿಗಳಿಗೆ ಪ್ಲಾಸ್ಟಿಕ್ ಮುಚ್ಚಳ. ಇವುಗಳ ಜೊತೆ 150 ಬಾರ್‌ವರೆಗೆ ಅಳೆಯುವ, ನಡುವೆ ವಾಲ್ವ್ ಇರುವ ಒತ್ತಡದ ಗೇಜ್ ಸಿಕ್ಕರೆ ಕೊನೆಯಲ್ಲಿ ಊಹಾಪೋಹ ತಪ್ಪುತ್ತದೆ. ಪುಲ್ಲಿಯ ಸಾಧನವನ್ನು ಬಾಡಿಗೆಗಾದರೂ ತನ್ನಿ. ಅದರ ಬದಲು ಸುತ್ತಿಗೆ ಹಿಡಿದವರ ಕಥೆ ನಾಲ್ಕನೇ ಹಂತದಲ್ಲಿದೆ.

## ಹಂತ 1: ಗೇರ್ ಯಾವುದೆಂದು ಗುರುತಿಸಿ

ಗಾಡಿಯ ಕೆಳಗೆ ನುಗ್ಗಿ ನೋಡಿ. ಅಡ್ಡಲಾಗಿ ಉದ್ದನೆಯ ಕೊಳವೆ, ಎರಡೂ ತುದಿಗೆ ರಬ್ಬರ್ ಬೂಟು ಇದ್ದರೆ ಅದು ರ‍್ಯಾಕ್. ಚಾಸಿಗೆ ಬೋಲ್ಟ್ ಮಾಡಿದ ಎರಕದ ಡಬ್ಬಿ, ಅದರಡಿ ತಿರುಗುವ ತೋಳು ಇದ್ದರೆ ಅದು ಸ್ಟೀರಿಂಗ್ ಬಾಕ್ಸ್. ಮೂರನೆಯ ಸಾಧ್ಯತೆಯೂ ಇದೆ: ಸ್ಟೀರಿಂಗ್ ಕಂಬಕ್ಕೋ ರ‍್ಯಾಕ್‌ಗೋ ಮೋಟಾರ್ ಅಂಟಿಕೊಂಡಿದ್ದು, ಎಣ್ಣೆಯ ಪೈಪ್ ಒಂದೂ ಇಲ್ಲದಿದ್ದರೆ ನಿಮ್ಮದು ಪೂರ್ತಿ ಎಲೆಕ್ಟ್ರಿಕ್ ವ್ಯವಸ್ಥೆ. ಆಗ ಪಂಪ್‌ನ ಗೊಡವೆಯೇ ಬೇಡ, ಹತ್ತನೇ ಹಂತಕ್ಕೆ ಹೋಗಿ.

ಅಂದಾಜು ಅಂಕಿಗಳು ಹೀಗಿವೆ. ಬಾಕ್ಸ್‌ಗಳಿಗೆ ಸಾಮಾನ್ಯವಾಗಿ 80ರಿಂದ 100 ಬಾರ್ ಒತ್ತಡ, ನಿಮಿಷಕ್ಕೆ 9ರಿಂದ 11 ಲೀಟರ್ ಹರಿವು ಬೇಕು. ಸಣ್ಣ ಕಾರಿನ ರ‍್ಯಾಕ್‌ಗೆ ಒತ್ತಡ ತುಸು ಕಡಿಮೆ ಸಾಕು, ಹರಿವು 6ರಿಂದ 8 ಲೀಟರ್ ಇದ್ದರೆ ಆಯಿತು. ಇವು ದಿಕ್ಕು ತೋರುವ ಅಂಕಿಗಳಷ್ಟೇ. ನಿಮ್ಮ ಗೇರ್‌ನ ಖಚಿತ ಅಂಕಿ ಆ ಗಾಡಿಯ ವರ್ಕ್‌ಶಾಪ್ ಕೈಪಿಡಿಯಲ್ಲಿರುತ್ತದೆ. ಬರೆದು ಗೋಡೆಗೆ ಅಂಟಿಸಿ, ಮುಂದಿನ ಪ್ರತಿ ತೀರ್ಮಾನಕ್ಕೂ ಅದೇ ಆಧಾರ.

## ಹಂತ 2: ಪಂಪ್ ಆರಿಸಿ, ಒತ್ತಡ ಬೇರೆ, ಹರಿವು ಬೇರೆ

ಇಲ್ಲೇ ಹೆಚ್ಚು ಜನ ಎಡವುವುದು, ಹಾಗಾಗಿ ನಿಧಾನವಾಗಿ ಓದಿ. ಒತ್ತಡ ನಿರ್ಧರಿಸುವುದು ಸ್ಟೀರಿಂಗ್‌ಗೆ ಸಿಗುವ ಬಲವನ್ನು. ಹರಿವು ನಿರ್ಧರಿಸುವುದು ಆ ಬಲ ಎಷ್ಟು ಬೇಗ ಸಿಗುತ್ತದೆ ಎಂಬುದನ್ನು. ಒತ್ತಡ ಸಾಲದಿದ್ದರೆ ಗಾಡಿ ನಿಂತಾಗ ಚಕ್ರ ತಿರುಗಿಸಲು ತೋಳು ನೋಯುತ್ತದೆ. ಹರಿವು ಸಾಲದಿದ್ದರೆ ನಿಧಾನಕ್ಕೆ ತಿರುಗಿಸಿದಾಗ ಹಗುರ, ಸರಕ್ಕನೆ ತಿರುಗಿಸಿದಾಗ ನಡುವೆ ಹಿಡಿದಂತಾಗುತ್ತದೆ. ಹರಿವು ಹೆಚ್ಚಾದರೆ ಗಾಡಿ ವೇಗದಲ್ಲಿ ಚಂಚಲವಾಗುತ್ತದೆ, ನೇರ ದಾರಿಯಲ್ಲೂ ಕೈ ಸುಮ್ಮನಿರಲು ಬಿಡುವುದಿಲ್ಲ. ಬಾಕ್ಸ್‌ಗೆಂದು ಮಾಡಿದ ದೊಡ್ಡ ಪಂಪನ್ನು ಸಣ್ಣ ರ‍್ಯಾಕ್‌ಗೆ ಕೊಟ್ಟವರೆಲ್ಲ ಈ ಕೊನೆಯ ದೂರನ್ನೇ ತರುತ್ತಾರೆ. ತಂದವರು ಮೊದಲು ಬೈಯುವುದು ಅಲೈನ್‌ಮೆಂಟ್ ಮಾಡಿದವನನ್ನು.

ಮೊದಲ ಆಯ್ಕೆ, ಹಳೆಯ ಪಂಪನ್ನೇ ಹೊಸ ಎಂಜಿನ್‌ಗೆ ಬ್ರಾಕೆಟ್ ಮಾಡಿ ಕೂರಿಸುವುದು. ಗೇರ್ ಮತ್ತು ಪಂಪ್ ಒಂದಕ್ಕೊಂದು ಒಗ್ಗಿದ ಜೋಡಿ, ಒತ್ತಡದ ಕಡೆಯ ಫಿಟ್ಟಿಂಗ್ ಕೂಡ ಹೊಂದುತ್ತದೆ. ಜಾಗವಿದ್ದರೆ ನನ್ನ ಮತ ಯಾವಾಗಲೂ ಇದಕ್ಕೇ. ಎರಡನೆಯದು, ಹೊಸ ಎಂಜಿನ್‌ನ ಪಂಪನ್ನು ಉಳಿಸಿಕೊಂಡು ಅದರ ಹರಿವು, ಒತ್ತಡಗಳನ್ನು ಗೇರ್‌ಗೆ ತಕ್ಕಂತೆ ಇಳಿಸುವುದು. ಬಹುತೇಕ ವೇನ್ ಪಂಪ್‌ಗಳಲ್ಲಿ (ಒಳಗೆ ತಿರುಗುವ ರೆಕ್ಕೆಗಳಿಂದ ಎಣ್ಣೆ ತಳ್ಳುವಂಥವು) ಹೊರದಾರಿಯ ಫಿಟ್ಟಿಂಗ್‌ನಲ್ಲೋ ಅದರ ಹಿಂದೆಯೋ ಇರುವ ಸಣ್ಣ ರಂಧ್ರವೇ ಹರಿವಿನ ಅಳತೆಗೋಲು. ರಂಧ್ರ ಕಿರಿದಾದಷ್ಟೂ ಹರಿವು ಕಡಿಮೆ. ಆ ಫಿಟ್ಟಿಂಗ್ ಬಿಚ್ಚುವಾಗ ಕೈ ಅಡ್ಡ ಇಟ್ಟುಕೊಳ್ಳಿ, ಹಿಂದಿನ ಸ್ಪ್ರಿಂಗು ಮತ್ತು ಬೆರಳುದ್ದದ ನುಣುಪಾದ ವಾಲ್ವ್ ಒಟ್ಟಿಗೇ ಹೊರಬೀಳುತ್ತವೆ. ವಾಲ್ವ್ ಯಾವ ಮುಖವಾಗಿ ಬಂತೋ ಅದೇ ಮುಖವಾಗಿ ಮರಳಿ ಹೋಗಬೇಕು. ಅದರ ಮೈಗೆ ಮರಳು ಕಾಗದ ತಾಗಿಸಬೇಡಿ. ಒಂದು ಗೀರು ಸಾಕು, ಅದು ನಡುದಾರಿಯಲ್ಲಿ ಕಚ್ಚಿಕೊಳ್ಳಲು.

ಒತ್ತಡ ಇಳಿಸುವ ದಾರಿಯೂ ಕೆಲವು ಪಂಪ್‌ಗಳಲ್ಲಿ ಅದೇ ವಾಲ್ವ್‌ನೊಳಗಿದೆ. ಅಮೆರಿಕದ ಸ್ಯಾಗಿನಾ ಮಾದರಿಯ ಪಂಪ್‌ಗಳಲ್ಲಿ ವಾಲ್ವ್ ತುದಿಯ ಸಣ್ಣ ಪ್ಲಗ್‌ನಡಿ ತೆಳು ವಾಷರ್ ಸೇರಿಸಿದರೆ ಒಳಗಿನ ಸ್ಪ್ರಿಂಗ್ ಸಡಿಲವಾಗಿ ಒತ್ತಡ ಇಳಿಯುತ್ತದೆ, ತೆಗೆದರೆ ಏರುತ್ತದೆ. ಏರಿಸುವ ಗೋಜಿಗೆ ಮಾತ್ರ ಹೋಗಬೇಡಿ. ಗೇರ್‌ನ ಸೀಲು ಒಡೆದರೆ ಉಳಿಸಿದ ದುಡ್ಡು ಅಲ್ಲೇ ಹೋಗುತ್ತದೆ.

## ಹಂತ 3: ತಿರುಗುವ ದಿಕ್ಕು ಮತ್ತು ಪುಲ್ಲಿಯ ಅಳತೆ

ವೇನ್ ಪಂಪ್‌ಗಳು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ತಿರುಗಲು ಮಾಡಿದವು. ಎರಡು ಕಡೆ ಮೋಸ ಹೋಗುತ್ತೇವೆ. ಒಂದು, ಎಂಜಿನ್ನೇ ವಿರುದ್ಧ ದಿಕ್ಕಿನದಾಗಿರಬಹುದು: ಹೊಂಡಾದ ಬಿ ಸರಣಿಯ ಎಂಜಿನ್ ಪುಲ್ಲಿಯ ಕಡೆಯಿಂದ ನೋಡಿದರೆ ಅಪ್ರದಕ್ಷಿಣವಾಗಿ, ಕೆ ಸರಣಿಯದು ಪ್ರದಕ್ಷಿಣವಾಗಿ ತಿರುಗುತ್ತದೆ. ಇನ್ನೊಂದು, ಬೆಲ್ಟ್‌ನ ನುಣುಪು ಬೆನ್ನು ಪಂಪ್ ಪುಲ್ಲಿಗೆ ತಾಗುವ ಹಾಗೆ ದಾರಿ ಮಾಡಿದರೆ ಪಂಪ್ ಕ್ರ್ಯಾಂಕ್‌ನ (ಎಂಜಿನ್‌ನ ಮುಖ್ಯ ಶಾಫ್ಟ್‌ನ) ವಿರುದ್ಧ ತಿರುಗುತ್ತದೆ. ಬೆಲ್ಟ್‌ನ ದಾರಿಯನ್ನು ಕಾಗದದ ಮೇಲೆ ಬರೆದು ಪ್ರತಿ ಪುಲ್ಲಿಗೂ ಬಾಣ ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ವೇಗದ ಲೆಕ್ಕ ಸರಳ: ಕ್ರ್ಯಾಂಕ್ ಪುಲ್ಲಿಯ ವ್ಯಾಸವನ್ನು ಪಂಪ್ ಪುಲ್ಲಿಯ ವ್ಯಾಸದಿಂದ ಭಾಗಿಸಿ ಎಂಜಿನ್ ವೇಗದಿಂದ ಗುಣಿಸಿ. ಕ್ರ್ಯಾಂಕ್ ಪುಲ್ಲಿ 165 ಮಿ.ಮೀ., ಪಂಪ್ ಪುಲ್ಲಿ 132 ಮಿ.ಮೀ. ಎನ್ನೋಣ, ಅನುಪಾತ 1.25. ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ನಿಮಿಷಕ್ಕೆ 800 ಸುತ್ತು ಹಾಕಿದರೆ ಪಂಪ್ 1000 ಸುತ್ತು. ಸುತ್ತಿಗೆ 10 ಘನ ಸೆಂ.ಮೀ. ತಳ್ಳುವ ಪಂಪ್ ಲೆಕ್ಕಕ್ಕೆ 10 ಲೀಟರ್ ಕೊಡುತ್ತದೆ, ಒಳಸೋರಿಕೆಯಿಂದ ನಿಜದಲ್ಲಿ ಇನ್ನೂ ಕಡಿಮೆ. ಎಂಜಿನ್ 6000ಕ್ಕೆ ಏರಿದಾಗ ಪಂಪ್ 7500 ಸುತ್ತು ಹಾಕುತ್ತಿರುತ್ತದೆ, ಅದು ಹಲವು ಪಂಪ್‌ಗಳಿಗೆ ಅತಿಯಾಯಿತು. ಪುಲ್ಲಿಯನ್ನು 150 ಮಿ.ಮೀ.ಗೆ ಏರಿಸಿದರೆ ಐಡಲ್‌ನಲ್ಲಿ 880, ತುದಿಯಲ್ಲಿ 6600. ಐಡಲ್‌ನಲ್ಲಿ ಗೇರ್‌ಗೆ ಸಾಲುವಷ್ಟು ಹರಿವು, ತುದಿಯಲ್ಲಿ ಪಂಪ್‌ನ ಮಿತಿಯೊಳಗಿನ ವೇಗ, ಈ ಎರಡೂ ಸಿಗುವ ಅಳತೆಯೇ ನಿಮ್ಮ ಪುಲ್ಲಿ.

ಬೆಲ್ಟ್‌ನ ಉದ್ದಕ್ಕೂ ಇರುವ ಗೀರುಗಳ ಸಂಖ್ಯೆಯನ್ನೂ ಎಣಿಸಿ. 6ಪಿಕೆ ಎಂದರೆ ಆರು ಗೀರಿನ ಬೆಲ್ಟ್, ಗೀರಿನಿಂದ ಗೀರಿಗೆ 3.56 ಮಿ.ಮೀ. ಹಳೆಯ ಪಂಪ್‌ನ ವಿ-ಬೆಲ್ಟ್ ಪುಲ್ಲಿ ಇದಕ್ಕೆ ಯಾವ ಕಾಲಕ್ಕೂ ಆಗದು.

## ಹಂತ 4: ಬ್ರಾಕೆಟ್ ಮತ್ತು ಬೆಲ್ಟ್‌ನ ನೇರ

ಎಂಜಿನ್ ತನ್ನ ಅಂತಿಮ ಮೌಂಟ್‌ಗಳ ಮೇಲೆ, ಪೂರ್ತಿ ಭಾರದೊಂದಿಗೆ ಕೂತ ಮೇಲಷ್ಟೇ ಇದಕ್ಕೆ ಕೈ ಹಾಕಿ. ಮೊದಲು ದಪ್ಪ ರಟ್ಟಿನಲ್ಲಿ ಬ್ರಾಕೆಟ್ ಕತ್ತರಿಸಿ ಹಿಡಿದು ನೋಡಿ, ಆಮೇಲೆ 8ರಿಂದ 10 ಮಿ.ಮೀ. ದಪ್ಪದ ಉಕ್ಕಿನ ತಗಡಿಗೆ ಹೋಗಿ. ಒಂದೇ ತಗಡಿಗೆ ಪಂಪನ್ನು ನೇತುಹಾಕಬೇಡಿ, ಹಿಂಬದಿಗೂ ಒಂದು ಆಸರೆ ಕೊಡಿ. ಬೆಲ್ಟ್‌ನ ಎಳೆತಕ್ಕೆ ತಗಡು ಕೂದಲೆಳೆಯಷ್ಟು ಬಾಗಿದರೂ ನೇರ ತಪ್ಪುತ್ತದೆ, ಕಂಪನಕ್ಕೆ ಬೋಲ್ಟ್ ಕಿವಿಗಳು ಬಿರುಕು ಬಿಡುತ್ತವೆ.

ನೇರ ಅಳೆಯಲು ಲೋಹದ ಪಟ್ಟಿಯನ್ನು ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಒತ್ತಿ ಹಿಡಿದು ಪಂಪ್ ಪುಲ್ಲಿಯ ಕಡೆ ಎಷ್ಟು ಅಂತರವಿದೆ ನೋಡಿ. ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆ ಇರುತ್ತದೆ, ಆದ್ದರಿಂದ ಲೆಕ್ಕ ಅಂಚಿನಿಂದಲ್ಲ, ಮೊದಲ ಗೀರಿನ ತಳದಿಂದ. ಎರಡು ಪುಲ್ಲಿಗಳ ನಡುವಿನ ಪ್ರತಿ 300 ಮಿ.ಮೀ. ದೂರಕ್ಕೆ 1.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ. ಪಕ್ಕಕ್ಕೆ ಸರಿದಿರುವುದು ಒಂದು ದೋಷ, ಪಂಪ್ ತಲೆ ವಾಲಿರುವುದು ಇನ್ನೊಂದು. ಮೊದಲನೆಯದನ್ನು ವಾಷರ್ ಸರಿಮಾಡೀತು, ಎರಡನೆಯದಕ್ಕೆ ಬ್ರಾಕೆಟ್ಟೇ ಸರಿಯಾಗಬೇಕು. ಬೆಲ್ಟ್ ಪಂಪ್ ಪುಲ್ಲಿಯನ್ನು ಕನಿಷ್ಠ ಕಾಲು ಸುತ್ತಾದರೂ ಅಪ್ಪಿರಬೇಕು. ಸಾಲದಿದ್ದರೆ ಬೆಲ್ಟ್‌ನ ದಾರಿ ತಿರುಗಿಸಲೆಂದೇ ಇರುವ ಒಂದು ಐಡ್ಲರ್ ಪುಲ್ಲಿ ಸೇರಿಸಿ.

ಈಗ ಸುತ್ತಿಗೆಯ ಮಾತು. ಒತ್ತಿ ಕೂರಿಸುವ ಪುಲ್ಲಿಯನ್ನು ಬಡಿದು ಕೂರಿಸಿದರೆ ಪ್ರತಿ ಏಟೂ ಶಾಫ್ಟ್ ಮೂಲಕ ಪಂಪ್‌ನ ಒಳಭಾಗಗಳಿಗೆ ತಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ವಾರ ಕಳೆದ ಮೇಲೆ ಶಾಫ್ಟ್ ಸೀಲಿನಿಂದ ಎಣ್ಣೆ ತೊಟ್ಟಿಕ್ಕುತ್ತದೆ, ಪಂಪ್ ಮಾರಿದವನ ಮೇಲೆ ಗೂಬೆ ಕೂರಿಸುತ್ತೇವೆ. ಶಾಫ್ಟ್ ನಡುವಿನ ಥ್ರೆಡ್‌ಗೆ ಸಾಧನ ತಿರುಗಿಸಿ, ಪುಲ್ಲಿಯ ಮುಖ ಶಾಫ್ಟ್ ತುದಿಗೆ ಸಮವಾಗುವವರೆಗೆ ಎಳೆದು ಕೂರಿಸಿ. ಕೀಳುವಾಗಲೂ ಮೂರು ಕಾಲಿನ ಪುಲ್ಲರ್ ಅನ್ನು ಅಂಚಿಗೆ ಸಿಕ್ಕಿಸಬೇಡಿ, ಅಂಚು ಬಾಗುತ್ತದೆ.

## ಹಂತ 5: ಟ್ಯಾಂಕ್ ಮತ್ತು ಹೀರುವ ಹೋಸ್

ನರಳುವ ಪಂಪ್‌ಗಳಲ್ಲಿ ಅರ್ಧಕ್ಕರ್ಧ ಇಲ್ಲಿನ ತಪ್ಪಿನಿಂದ ನರಳುತ್ತವೆ ಎನ್ನುವುದು ನನ್ನ ಅನುಭವ. ಪಂಪ್ ತಳ್ಳುವುದರಲ್ಲಿ ಶೂರ, ಹೀರುವುದರಲ್ಲಿ ಬಡವ. ಎಣ್ಣೆ ತಾನಾಗಿ ಇಳಿದು ಬರುವಂತೆ ಟ್ಯಾಂಕ್ ಪಂಪ್‌ಗಿಂತ ಮೇಲಿರಲಿ, ಹೋಸ್ ಗಿಡ್ಡವಾಗಿರಲಿ, ಒಳವ್ಯಾಸ 16 ಮಿ.ಮೀ.ಗೆ ಕಡಿಮೆ ಬೇಡ. ನಡುವೆ ಏರಿ ಇಳಿಯುವ ಡೊಂಕು ಇದ್ದರೆ ಅಲ್ಲಿ ಗಾಳಿ ಕೂತು ಬಿಡುತ್ತದೆ. ಚೂಪಾದ ತಿರುವಿಗೆ ಅಚ್ಚಿನಲ್ಲೇ ಬಾಗಿದ ಹೋಸ್ ತನ್ನಿ. ನೇರ ಹೋಸನ್ನು ಒತ್ತಾಯದಿಂದ ಬಗ್ಗಿಸಿದರೆ ಎಣ್ಣೆ ಬಿಸಿಯಾದಾಗ ಅದು ಮಡಚಿಕೊಳ್ಳುತ್ತದೆ, ಗ್ಯಾರೇಜಿನಲ್ಲಿ ಸರಿಯಿದ್ದ ಗಾಡಿ ದಾರಿಯಲ್ಲಿ ಅಳುತ್ತದೆ.

ಮರಳಿ ಬರುವ ಎಣ್ಣೆ ಟ್ಯಾಂಕ್‌ನಲ್ಲಿ ಎಣ್ಣೆಯ ಮಟ್ಟದ ಕೆಳಗೆ ಸೇರಬೇಕು. ಮೇಲಿನಿಂದ ಸುರಿದರೆ ನೊರೆ ಏಳುತ್ತದೆ.

## ಹಂತ 6: ಒತ್ತಡದ ಹೋಸ್ ಮತ್ತು ಫಿಟ್ಟಿಂಗ್

ನನ್ನ ಮೊದಲ ಗಾಡಿಯಲ್ಲಿ ಎಂಜಿನ್ ಇನ್ನೂ ಸರಪಳಿಯಲ್ಲಿ ನೇತಾಡುವಾಗಲೇ ಹೋಸ್ ಮಾಡಿಸಿಕೊಂಡು ಬಂದಿದ್ದೆ. ಆಮೇಲೆ ಸಂಪ್ (ಎಂಜಿನ್ ತಳದ ಎಣ್ಣೆ ತಟ್ಟೆ) ತಾಗುತ್ತದೆಂದು ಮೌಂಟ್‌ನಡಿ 12 ಮಿ.ಮೀ. ತುಂಡು ಸೇರಿಸಬೇಕಾಯಿತು. ಹೋಸ್ ಬಿಗಿದ ತಂತಿಯಂತೆ ನಿಂತು, ಓಡಿಸುವಾಗ ಗೇರ್ ಬದಲಿಸಿದಾಗಲೆಲ್ಲ ಕ್ರಾಸ್‌ಮೆಂಬರ್‌ಗೆ (ಚಾಸಿಯ ಅಡ್ಡತೊಲೆಗೆ) ಉಜ್ಜುತ್ತಿತ್ತು. ಮೂರನೆಯ ವಾರ ಅದರ ಜಾಲರಿಯ ಒಂದು ಎಳೆ ಹರಿದು ನನ್ನ ಬೆರಳಿಗೆ ಚುಚ್ಚಿದಾಗಲೇ ಗಮನಕ್ಕೆ ಬಂದದ್ದು.

ಎಲ್ಲವೂ ಅಂತಿಮವಾಗಿ ಕೂತ ಮೇಲೆ ಒಂದು ದಪ್ಪ ತಂತಿಯನ್ನು ದಾರಿಗುಂಟ ಬಗ್ಗಿಸಿ ಅಳತೆ ತೆಗೆಯಿರಿ, ಎಂಜಿನ್ ಅಲುಗಾಡುವುದಕ್ಕೆ 25 ಮಿ.ಮೀ. ಸಡಿಲ ಬಿಡಿ. ಹೋಸ್ ಪವರ್ ಸ್ಟೀರಿಂಗ್ ಒತ್ತಡಕ್ಕೆಂದೇ ಮಾಡಿದ್ದಿರಲಿ, ಎಸ್‌ಎಇ (ವಾಹನ ಎಂಜಿನಿಯರ್‌ಗಳ ಅಮೆರಿಕನ್ ಸಂಘ) ಮಾನಕದ ಜೆ188 ಗುರುತು ಅದಕ್ಕೇ ಇರುವುದು. ಇಲ್ಲದಿದ್ದರೆ ಒಳಗೆ ಟೆಫ್ಲಾನ್, ಹೊರಗೆ ಉಕ್ಕಿನ ಜಾಲರಿ ಇರುವ, ಯಂತ್ರದಲ್ಲಿ ತುದಿ ಒತ್ತಿದ ಹೋಸ್ ಆಗಬಹುದು. ಪೆಟ್ರೋಲ್ ಹೋಸು, ಕ್ಲಿಪ್ಪು, ಇವು ಈ ಕಡೆ ಸುಳಿಯಬಾರದು. ಬಿಸಿ ಎಕ್ಸಾಸ್ಟ್ ಮೇಲೆ ಎಣ್ಣೆ ಚಿಮ್ಮಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಎಕ್ಸಾಸ್ಟ್‌ನಿಂದ 75 ಮಿ.ಮೀ. ದೂರ ಸಿಗದಿದ್ದರೆ ನಡುವೆ ಶಾಖ ತಡೆಯುವ ತಗಡು ಹಾಕಿ.

ಫಿಟ್ಟಿಂಗ್‌ಗಳಲ್ಲಿ ಮೂರು ಜಾತಿ. ಫ್ಲೇರ್‌ನಲ್ಲಿ ಲೋಹಕ್ಕೆ ಲೋಹ ಒತ್ತಿ ಸೋರಿಕೆ ನಿಲ್ಲುತ್ತದೆ, ಇನ್ನೊಂದರಲ್ಲಿ ಓ-ರಿಂಗ್, ಬ್ಯಾಂಜೋದಲ್ಲಿ, ಅಂದರೆ ಟೊಳ್ಳು ಬೋಲ್ಟ್ ತೂರಿಸುವ ಉಂಗುರದಲ್ಲಿ, ಎರಡೂ ಬದಿಯ ತಾಮ್ರದ ವಾಷರ್. ಒಂದರ ಜಾಗದಲ್ಲಿ ಇನ್ನೊಂದನ್ನು ಎಷ್ಟು ಬಿಗಿದರೂ ಸೋರುತ್ತದೆ. ಎಎನ್ (ಅಮೆರಿಕದ ಸೇನಾ ಮಾನಕದ) ಫಿಟ್ಟಿಂಗ್‌ನ ಕೋನ 37 ಡಿಗ್ರಿ, ಸಾಮಾನ್ಯ ಎಸ್‌ಎಇ ಫ್ಲೇರ್‌ನದು 45, ಇವೆರಡೂ ಕೂಡುವುದಿಲ್ಲ. ಥ್ರೆಡ್ ವಿಷಯದಲ್ಲಿ ಕೈಯ ಅಂದಾಜನ್ನು ನಂಬಬೇಡಿ: ಎಂ16×1.5 ಬೋಲ್ಟ್ ಮತ್ತು ಇಂಚಿನ 5/8-18 ರಂಧ್ರ ನೋಡಲು ಅವಳಿಜವಳಿ. ಮೊದಲ ಸುತ್ತುಗಳು ಸಲೀಸಾಗಿ ಹೋಗಿ, ಆಮೇಲೆ ಹಿಡಿಯುತ್ತದೆ. ಅಲ್ಲಿ ಸ್ಪ್ಯಾನರ್‌ಗೆ ಬಲ ಹಾಕಿದರೆ ಗೇರ್‌ನ ಥ್ರೆಡ್ ಹೋಯಿತು. ಗೇಜ್ ಇಟ್ಟು ನೋಡಿ, ಅಗತ್ಯವಿದ್ದರೆ ಸರಿಯಾದ ಅಡಾಪ್ಟರ್ ತನ್ನಿ. ತಾಮ್ರದ ವಾಷರ್ ಪ್ರತಿ ಸಲ ಹೊಸದು. ಹಳೆಯ ಬ್ಯಾಂಜೋ ಬೋಲ್ಟ್ ಎಸೆಯುವ ಮೊದಲು ಒಳಗೆ ಕಿರಿದಾದ ರಂಧ್ರವಿದೆಯೇ ನೋಡಿ, ಇದ್ದರೆ ಹರಿವನ್ನು ಅಳೆಯುತ್ತಿದ್ದದ್ದು ಅದೇ. ಟೆಫ್ಲಾನ್ ಟೇಪ್ ಎಲ್ಲಿಯೂ ಸುತ್ತಬೇಡಿ, ಅದರ ಚೂರುಗಳು ನೇರವಾಗಿ ವಾಲ್ವ್‌ಗೆ ಹೋಗಿ ಕೂರುತ್ತವೆ.

## ಹಂತ 7: ಮರಳುವ ದಾರಿ ಮತ್ತು ಕೂಲರ್

ಇಲ್ಲಿ ಒತ್ತಡ ಕಡಿಮೆ. 10 ಮಿ.ಮೀ. ಒಳವ್ಯಾಸದ, ಪವರ್ ಸ್ಟೀರಿಂಗ್ ಎಣ್ಣೆ ತಾಳುವ ಹೋಸು, ಒಳ್ಳೆಯ ಕ್ಲಿಪ್ಪು ಸಾಕು. ಎಂಜಿನ್ ದೊಡ್ಡದಾದಷ್ಟೂ ಬಾನೆಟ್ ಒಳಗಿನ ಬಿಸಿ ಹೆಚ್ಚು, ಆದ್ದರಿಂದ ಗಾಳಿ ಬೀಸುವ ಕಡೆ ಒಂದು ಸಣ್ಣ ಕೂಲರ್ ಇಡಿ. ಹಳೆಯ ಪಂಪ್ ಒಡೆದೇ ಎಂಜಿನ್ ಬದಲಾಗಿದ್ದರೆ ಗೇರ್ ಮತ್ತು ಪೈಪ್‌ಗಳಲ್ಲಿ ಲೋಹದ ಪುಡಿ ಉಳಿದಿರುತ್ತದೆ. ಪೂರ್ತಿ ತೊಳೆದು, ಈ ಸಾಲಿಗೆ ಒಂದು ಫಿಲ್ಟರ್ ಸೇರಿಸಿ.

## ಹಂತ 8: ಐಡಲ್ ಸ್ವಿಚ್

ಬಹಳಷ್ಟು ಎಂಜಿನ್‌ಗಳಲ್ಲಿ ಪಂಪ್ ಅಥವಾ ಪೈಪ್ ಮೇಲೆ ಎರಡು ತಂತಿಯ ಒತ್ತಡದ ಸ್ವಿಚ್ ಇರುತ್ತದೆ. ಸ್ಟೀರಿಂಗ್ ತುದಿಗೆ ತಿರುಗಿದಾಗ ಅದು ಇಸಿಯುಗೆ (ನಿಯಂತ್ರಣ ಕಂಪ್ಯೂಟರಿಗೆ) ತಿಳಿಸಿ ಐಡಲ್ ಏರಿಸುತ್ತದೆ. ಹಳೆಯ ಪಂಪ್ ಹಾಕಿದರೆ ಇದು ಕೈಬಿಟ್ಟುಹೋಗುತ್ತದೆ. ಗಾಡಿ ನಿಲ್ಲಿಸಲು ತಿರುಗಿಸುತ್ತಿದ್ದಂತೆ ಎಂಜಿನ್ ಆರಿದರೆ ಮೊದಲು ಇಲ್ಲಿ ನೋಡಿ. ಸ್ವಿಚ್ಚನ್ನು ಒತ್ತಡದ ಸಾಲಿಗೆ ಒಂದು ಟೀ ಫಿಟ್ಟಿಂಗ್ ಮೂಲಕ ಮರಳಿ ಸೇರಿಸಬಹುದು.

## ಹಂತ 9: ಎಣ್ಣೆ ತುಂಬಿ ಗಾಳಿ ತೆಗೆಯುವುದು

ಎಣ್ಣೆ ಯಾವುದೆಂದು ಪಂಪ್, ಗೇರ್ ಎರಡರ ಕೈಪಿಡಿಯನ್ನೂ ನೋಡಿ. ಡೆಕ್ಸ್‌ರಾನ್ ಜಾತಿಯ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ), ಹೊಂಡಾದ ಸ್ವಂತ ಎಣ್ಣೆ, ಜರ್ಮನ್ ಗಾಡಿಗಳ ಹಸಿರು ಸಿಎಚ್‌ಎಫ್ 11ಎಸ್, ಇವನ್ನು ಬೆರೆಸಬೇಡಿ. ಎರಡಕ್ಕೂ ಬೇರೆ ಬೇರೆ ಎಣ್ಣೆ ಹೇಳಿದ್ದರೆ ಆ ಜೋಡಿಯನ್ನೇ ಮರುಯೋಚಿಸಿ. ಬ್ರೇಕ್ ಎಣ್ಣೆ ಬಿದ್ದರೆ ಸೀಲುಗಳೆಲ್ಲ ಊದಿಕೊಂಡು ಹಾಳಾಗುತ್ತವೆ.

ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಟ್ಯಾಂಕ್ ತುಂಬಿ ಹತ್ತು ನಿಮಿಷ ಸುಮ್ಮನೆ ಬಿಡಿ. ಎಂಜಿನ್ ಹಚ್ಚದೆ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ 20ರಿಂದ 25 ಸಲ ತಿರುಗಿಸಿ, ನಡುನಡುವೆ ಎಣ್ಣೆ ತುಂಬುತ್ತಿರಿ. ಟ್ಯಾಂಕ್‌ನಲ್ಲಿ ಮೊದಲು ದೊಡ್ಡ ಗುಳ್ಳೆಗಳು, ಆಮೇಲೆ ಸಾಸಿವೆಯಷ್ಟು ಚಿಕ್ಕವು ಏಳುತ್ತವೆ, ಕೊನೆಗೆ ನಿಲ್ಲುತ್ತವೆ. ನಿಂತ ಮೇಲಷ್ಟೇ ಎಂಜಿನ್ ಹಚ್ಚಿ. ಆಮೇಲೂ ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಅಲ್ಲಿ ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವ್ ತೆರೆದು ಎಣ್ಣೆ ಬೇಗ ಕಾಯುತ್ತದೆ.

ಆತುರದಿಂದ ಮೊದಲೇ ಎಂಜಿನ್ ಹಚ್ಚಿದವರ ಟ್ಯಾಂಕ್‌ನಲ್ಲಿ ಕೆಂಪು ಎಣ್ಣೆ ಸ್ಟ್ರಾಬೆರಿ ಹಾಲಿನಂತೆ ಆಗಿರುತ್ತದೆ. ಹಾಗಾದರೆ ಆರಿಸಿ, ನೊರೆ ಪೂರ್ತಿ ಇಳಿಯುವವರೆಗೆ ಕೆಲವು ಗಂಟೆ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಿ. ಗಾಳಿ ಉಳಿದಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ: ಎಂಜಿನ್ ಓಡುವಾಗ ಎಣ್ಣೆಯ ಮಟ್ಟ ನೋಡಿಕೊಂಡು ತಟ್ಟನೆ ಆರಿಸಿ. ಮಟ್ಟ ಏರಿತೆಂದರೆ ಒಳಗೆ ಒತ್ತಿಕೊಂಡಿದ್ದ ಗಾಳಿ ಹಿಗ್ಗಿದೆ. ಮತ್ತೆ ತಿರುಗಿಸುವ ಕೆಲಸಕ್ಕೆ ಮರಳಿ.

## ಹಂತ 10: ಎಲೆಕ್ಟ್ರಿಕ್ ದಾರಿ

ಬೆಲ್ಟ್ ಸಾಲಿನಲ್ಲಿ ಪಂಪ್‌ಗೆ ಜಾಗವೇ ಇಲ್ಲದಿದ್ದರೆ ವಿದ್ಯುತ್ತಿನಿಂದ ಓಡುವ ಎಣ್ಣೆಯ ಪಂಪ್ ಹಾಕಬಹುದು. ವೋಲ್ವೋ ಎಸ್40, ಒಪೆಲ್ ಆಸ್ಟ್ರಾಗಳ ಪಂಪ್‌ಗಳು ಈ ಕೆಲಸಕ್ಕೆ ಹೆಸರಾಗಿವೆ, ಗಾಡಿಯ ಸಂದೇಶ ಸಿಗದಿದ್ದರೂ ಒಂದು ಸ್ಥಿರ ವೇಗದಲ್ಲಿ ಓಡುತ್ತವೆ. ತುದಿಗೆ ತಿರುಗಿಸಿದಾಗ ಇವು 60ರಿಂದ 80 ಆಂಪಿಯರ್ ಎಳೆಯಬಲ್ಲವು. ಬ್ಯಾಟರಿಯಿಂದ ನೇರ ದಪ್ಪ ಕೇಬಲ್, ಬ್ಯಾಟರಿಯ ಬಳಿಯೇ ಫ್ಯೂಸ್, ಅಷ್ಟೇ ದಪ್ಪದ ಅರ್ತ್ ತಂತಿ ಬೇಕು. ಎಂಜಿನ್ ಓಡುವಾಗ ಮಾತ್ರ ಪಂಪ್ ಚಾಲೂ ಆಗುವಂತೆ ರಿಲೇ ಜೋಡಿಸಿ.

ಪೂರ್ತಿ ಎಲೆಕ್ಟ್ರಿಕ್ ಸ್ಟೀರಿಂಗ್ ಇರುವ ಗಾಡಿಗೆ ಬೇರೆ ಎಂಜಿನ್ ಹಾಕಿದರೆ ಎಂಜಿನ್‌ನ ಪಂಪನ್ನು ತೆಗೆದು ಐಡ್ಲರ್ ಅಥವಾ ಗಿಡ್ಡ ಬೆಲ್ಟ್ ಹಾಕಿ. ತೊಡಕು ತಂತಿಯಲ್ಲಿ. ಸ್ಟೀರಿಂಗ್‌ನ ಇಸಿಯುಗೆ ಎಂಜಿನ್ ಓಡುತ್ತಿರುವ ಸುಳಿವು ಮತ್ತು ಗಾಡಿಯ ವೇಗ ಬೇಕು. ಸಿಗದಿದ್ದರೆ ಎಚ್ಚರಿಕೆಯ ದೀಪ ಹೊತ್ತಿ ಸಹಾಯ ಕಡಿಮೆಯಾಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ.

## ಹಂತ 11: ಅಳೆದು ನೋಡಿ, ಲಕ್ಷಣ ಓದಿ

ಒತ್ತಡದ ಸಾಲಿಗೆ ಗೇಜ್ ಸೇರಿಸಿ, ಎಣ್ಣೆ ಬಿಸಿಯಾದ ಮೇಲೆ ವಾಲ್ವನ್ನು 5 ಸೆಕೆಂಡ್ ಮೀರದಂತೆ ಮುಚ್ಚಿ. ಗೇಜ್ ತೋರುವುದು ಪಂಪ್‌ನ ಪೂರ್ತಿ ಒತ್ತಡ. ವಾಲ್ವ್ ತೆರೆದು ಸ್ಟೀರಿಂಗ್ ತುದಿಗೆ ತಿರುಗಿಸಿದಾಗಲೂ ಅಷ್ಟೇ ಬರಬೇಕು. ಮುಚ್ಚಿದಾಗ ಬಂದ ಒತ್ತಡ ತಿರುಗಿಸಿದಾಗ ಬರದಿದ್ದರೆ ಗೇರ್ ಒಳಗೇ ಸೋರುತ್ತಿದೆ, ಪಂಪ್ ಬದಲಿಸಿ ಪ್ರಯೋಜನವಿಲ್ಲ.

ಸದಾ ನರಳುವ ಸದ್ದು ಬಂದರೆ ಗಾಳಿ ಅಥವಾ ಹೀರುವ ಹೋಸ್‌ನ ತೊಂದರೆ. ತುದಿಗೆ ತಿರುಗಿಸಿದಾಗ ಮಾತ್ರ ಕಿರುಚಿದರೆ ಬೆಲ್ಟ್ ಜಾರುತ್ತಿದೆ. ಐಡಲ್‌ನಲ್ಲಿ ಗಟ್ಟಿ, ಸ್ವಲ್ಪ ವೇಗ ಕೊಟ್ಟರೆ ಹಗುರ ಎಂದರೆ ಪಂಪ್ ಪುಲ್ಲಿ ದೊಡ್ಡದಾಯಿತು. ಒಂದೇ ಕಡೆಗೆ ಗಟ್ಟಿಯಿದ್ದರೆ ಗೇರ್‌ನ ವಾಲ್ವ್ ಅಥವಾ ಸೀಲಿನ ದೋಷ. ಬೆಲ್ಟ್‌ನ ಒಂದು ಅಂಚಿನಿಂದ ಮಾತ್ರ ಕಪ್ಪು ನಾರು ಏಳುತ್ತಿದ್ದರೆ ನಾಲ್ಕನೇ ಹಂತಕ್ಕೆ ಮರಳಿ.

ಗಾಡಿ ರಸ್ತೆಗಿಳಿಸುವ ಮುನ್ನ ಸ್ಟೀರಿಂಗ್ ಶಾಫ್ಟ್ ಎಕ್ಸಾಸ್ಟ್‌ಗೆ ಎಲ್ಲಿಯೂ ತಾಗುತ್ತಿಲ್ಲವೆಂದು ಎರಡೂ ತುದಿಗಳಿಗೆ ತಿರುಗಿಸಿ, ಎಂಜಿನ್ನನ್ನು ಸನ್ನೆಕೋಲಿನಿಂದ ಅಲುಗಾಡಿಸಿ ನೋಡಿ. ನಿಮ್ಮಲ್ಲಿನ ನಿಯಮ ಎಂಜಿನ್ ಬದಲಾವಣೆಗೆ ತಪಾಸಣೆ, ಅನುಮತಿ ಕೇಳಿದರೆ ಅದನ್ನೂ ಮುಗಿಸಿಕೊಳ್ಳಿ. ಮೊದಲ 100 ಕಿ.ಮೀ. ಆದ ಮೇಲೆ ಬ್ರಾಕೆಟ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದು, ಬೆಲ್ಟ್‌ನ ಬಿಗಿ ನೋಡಿ, ಪ್ರತಿ ಫಿಟ್ಟಿಂಗ್‌ಗೂ ಬಿಳಿ ಕಾಗದ ಒತ್ತಿ ತೆಗೆಯಿರಿ. ಕಣ್ಣಿಗೆ ಕಾಣದ ಜಿನುಗು ಕಾಗದದ ಮೇಲೆ ಕಾಣುತ್ತದೆ.